ಸ್ಟೋರಿನ ಕಾರ್ಡು ಮೂಟೆ ಬಿಚ್ಚುವವನ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ಮಧ್ಯಾಹ್ನ ಉದ್ದು ನೆನೆಹಾಕಲು ಹೋದವನಿಗೆ ಡ್ರಮ್ಮಿನ ತಳ ಕಂಡರೆ ಮರುದಿನದ ಇಡ್ಲಿ ದೋಸೆಗೆ ಕುತ್ತು ಬಂದಂತೆಯೇ. ಆಮೇಲೆ ಹುಡುಗನೊಬ್ಬ ಪಕ್ಕದ ಕಿರಾಣಿ ಅಂಗಡಿಗೆ ಓಡಬೇಕು, ಚಿಲ್ಲರೆ ದರ ತೆರಬೇಕು, ಸಿಕ್ಕಿದ ಬೇಳೆಯಲ್ಲೇ ರುಬ್ಬಬೇಕು. ಬೇಳೆ ಬದಲಾದರೆ ಹಿಟ್ಟು ಹುದುಗುವ ಹದವೂ ಬದಲಾಗುತ್ತದೆ. ದಿನವೂ ಬರುವ ಗಿರಾಕಿ ಮೊದಲ ತುತ್ತಿಗೇ ಅದನ್ನು ಗುರುತಿಸುತ್ತಾನೆ. ಮುಂಬಯಿಯ ನಮ್ಮ ಉಡುಪಿ ಹೋಟೆಲುಗಳಲ್ಲಿ ಇದೇನೂ ಅಪರೂಪದ ಸಂಗತಿಯಲ್ಲ. ಅದೇ ಹೋಟೆಲಿನ ಪೋಟ್‌ಮಾಳದ (ಅಟ್ಟದ) ಮೇಲೆ ಆರು ತಿಂಗಳ ಹಿಂದಿನ ರವೆ ಹುಳ ಹಿಡಿದು ಕೂತಿರುತ್ತದೆ. ಬೇಕಾದದ್ದು ಇಲ್ಲ, ಬೇಡದ್ದು ರಾಶಿ ಬಿದ್ದಿದೆ. ಎರಡಕ್ಕೂ ಮದ್ದು ಎಂದು ಕೆಲವು ಧನಿಗಳು, ಸಾಮಾನು ಖರ್ಚಾದ ಕೂಡಲೇ ಆರ್ಡರು ನೆನಪಿಸುವ ಕಾನ್‌ಬಾನ್ ಕಾರ್ಡು ಮಾಡಿಸಿ ತೂಗುಹಾಕುತ್ತಾರೆ. ಎರಡು ತಿಂಗಳಲ್ಲಿ ಅವು ಎಣ್ಣೆ ಕುಡಿದು ಮೂಲೆ ಸೇರುತ್ತವೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತವರಿಗೆ ಲೆಕ್ಕ ಕಾಣಲಿ ಎಂದು ಮಾಡಿಸಿದ ಕಾರ್ಡು ಅದು; ಮೂಟೆಯ ದಾರ ಬಿಚ್ಚುವ ಹುಡುಗನಿಗೆ ಅದರಿಂದ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ತಪ್ಪುವುದು ಅಲ್ಲಿ. ಹಾಗಾಗಿ ಕಾರ್ಡನ್ನು ಆರಿಸುವ, ಮಾಡುವ ಬಗೆಯನ್ನು ತಮ್ಮ ಪತ್ರಿಕೆಯ ಮೂಲಕ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಕಾನ್‌ಬಾನ್ ಎಂದರೆ ಜಪಾನಿ ಭಾಷೆಯಲ್ಲಿ ಫಲಕ, ಬೋರ್ಡು. ಟೊಯೋಟಾ ಕಾರ್ಖಾನೆಯ ತಾಯಿಚಿ ಓಹ್ನೋ ಇದನ್ನು ಬಳಕೆಗೆ ತಂದವರು. ಅಮೆರಿಕದ ಸೂಪರ್‌ಮಾರ್ಕೆಟ್ಟುಗಳಲ್ಲಿ ಗಿರಾಕಿ ಕಪಾಟಿನಿಂದ ಎಷ್ಟು ಎತ್ತಿಕೊಂಡನೋ ಅಷ್ಟನ್ನೇ ಮತ್ತೆ ತುಂಬಿಡುವ ಕ್ರಮ ಅವರಿಗೆ ಹಿಡಿಸಿತ್ತು. 1953ರಲ್ಲಿ ಅದನ್ನು ತಮ್ಮ ಮೆಷಿನ್ ಶಾಪಿನಲ್ಲಿ ನಡೆಸಿ ನೋಡಿದರು, 1962ರ ಹೊತ್ತಿಗೆ ಇಡೀ ಕಂಪನಿಗೆ ಹರಡಿದರು. ತಿರುಳು ಇಷ್ಟೇ: ಸಾಮಾನು ಖರ್ಚಾದದ್ದೇ ಹೊಸ ಆರ್ಡರು. ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಯಾರೂ ದಿನವೂ ಸ್ಟೋರು ಎಣಿಸಬೇಕಾಗಿಲ್ಲ. ಕಾರ್ಖಾನೆಯಲ್ಲಿ ಹುಟ್ಟಿದರೂ ಬುದ್ಧಿ ಬಂದದ್ದು ದಿನಸಿ ಅಂಗಡಿಯಿಂದ. ಆದ್ದರಿಂದ ಹೋಟೆಲಿನ ಸ್ಟೋರಿಗೆ ಅದು ಪರಕೀಯವೇನಲ್ಲ.

ಎಲ್ಲ ಸಾಮಾನಿಗೂ ಕಾರ್ಡು ಬೇಡ. ಹಾಲು, ಕೊತ್ತಂಬರಿ, ತರಕಾರಿ, ತೆಂಗಿನಕಾಯಿ ದಿನದ ಪಟ್ಟಿಯಲ್ಲೇ ಇರಲಿ. ಅವಕ್ಕೆ ನಾಳೆಯ ಅಂದಾಜು ಮುಖ್ಯ, ನಿನ್ನೆಯ ಖರ್ಚಲ್ಲ. ದೀಪಾವಳಿಗೆ ಒಮ್ಮೆ ತರಿಸುವ ಖೋವಾ, ಬಾದಾಮಿಯಂಥವಕ್ಕೂ ಬೇಡ. ಅಕ್ಕಿ, ಉದ್ದು, ತೊಗರಿಬೇಳೆ, ರವೆ, ಸಕ್ಕರೆ, ಎಣ್ಣೆ, ಕಾಫಿಪುಡಿ, ಚಹಾ ಪುಡಿ, ಪಾತ್ರೆ ತೊಳೆಯುವ ಪುಡಿ, ಪಾರ್ಸೆಲ್ ಡಬ್ಬಿ, ಬಿಲ್ ರೋಲ್ ಹೀಗೆ ದಿನವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಕರಗುವ ಸಾಮಾನುಗಳೇ ಕಾರ್ಡಿಗೆ ಹೇಳಿ ಮಾಡಿಸಿದವು. ಹದಿನಾಲ್ಕು ದಿನದ ಖರ್ಚನ್ನು ಬರೆದು ನೋಡಿ. ಅತಿ ಹೆಚ್ಚು ಖರ್ಚಾದ ದಿನದ ಅಂಕಿ ಸರಾಸರಿಯ ಎರಡರಷ್ಟನ್ನು ದಾಟಿದರೆ ಆ ಸಾಮಾನನ್ನು ಬರೀ ಕಾರ್ಡಿನ ಮೇಲೆ ಬಿಡಬಾರದು. ಕೇಟರಿಂಗ್ ಆರ್ಡರು ಹಿಡಿಯುವ ಹೋಟೆಲುಗಳಲ್ಲಿ ಹೀಗಾಗುತ್ತದೆ. ಮದುವೆ ಮುಂಜಿಯ ಸಾಮಾನನ್ನು ಬೇರೆಯೇ ತರಿಸಿ, ಬೇರೆಯೇ ಇಟ್ಟು ಖರ್ಚು ಮಾಡಿದರೆ ದಿನದ ಲೆಕ್ಕ ಕೆಡುವುದಿಲ್ಲ.

ಇನ್ನು ಎಂಥ ಕಾರ್ಡು? ಮೂರು ಬಗೆ ಸಾಕು. ಮೊದಲನೆಯದಕ್ಕೆ ಕಾರ್ಡೇ ಬೇಕಿಲ್ಲ, ಖಾಲಿ ಪಾತ್ರೆಯೇ ಕಾರ್ಡು. 19 ಕಿಲೋದ ಗ್ಯಾಸ್ ಸಿಲಿಂಡರುಗಳನ್ನು ಎರಡು ಸಾಲಾಗಿ ಜೋಡಿಸಿರುವಲ್ಲಿ ಒಂದು ಸಾಲು ಉರಿಯುತ್ತಿರುತ್ತದೆ, ಇನ್ನೊಂದು ಕಾಯುತ್ತಿರುತ್ತದೆ. ವಾಲ್ವ್ ತಿರುಗಿಸಿ ಎರಡನೆಯ ಸಾಲಿಗೆ ಹೋದ ಗಳಿಗೆಯೇ ಆರ್ಡರಿನ ಗಳಿಗೆ. ಟೂತ್‌ಪಿಕ್, ಟಿಶ್ಯೂ, ಸ್ಟ್ರಾಗಳಿಗೂ ಎರಡು ಡಬ್ಬಿ ಇಟ್ಟರೆ ಸಾಕು. ಮುಂದಿನ ಡಬ್ಬಿ ಖಾಲಿಯಾದರೆ ಅದನ್ನೇ ಆರ್ಡರಿನ ಜಾಗದಲ್ಲಿ ಇಡುವುದು. ಎರಡನೆಯದು ಒಂದು ಮೂಟೆಗೆ ಒಂದು ಕಾರ್ಡು. ದಿನಸಿ ಕೊಡುವವರು ಹಲವು ಸಾಮಾನನ್ನು ಒಂದೇ ಟೆಂಪೋದಲ್ಲಿ ತರುವುದಾದರೆ ಇದೇ ಒಳ್ಳೆಯದು, ಒಂದೊಂದೇ ಮೂಟೆ ತರಿಸಿದರೂ ಬಾಡಿಗೆ ಹೆಚ್ಚುವುದಿಲ್ಲ. ಮೂರನೆಯದು ಇಡೀ ರಾಶಿಗೆ ಒಂದೇ ಗುರುತಿನ ಕಾರ್ಡು. ಟೊಯೋಟಾದಲ್ಲಿ ತಗಡು ಒತ್ತುವ ಪ್ರೆಸ್ಸಿನ ಸಾಮಾನಿನ ರಾಶಿಗೆ ತ್ರಿಕೋನದ ಕಾರ್ಡು ತೂಗುಹಾಕುತ್ತಿದ್ದುದು ಇದಕ್ಕೇ. ನವಿ ಮುಂಬಯಿಯ ವಾಶಿ ಮಾರುಕಟ್ಟೆಯ ಸಗಟು ವ್ಯಾಪಾರಿಯಿಂದ ಹತ್ತು ಹನ್ನೆರಡು ಮೂಟೆ ಅಕ್ಕಿಯನ್ನು ಒಟ್ಟಿಗೆ ತರಿಸುವವರಿಗೆ ಇದು ಸರಿ.

ಲೆಕ್ಕಕ್ಕೆ ಬರೋಣ. ಹೆಚ್ಚಿನ ಕಡೆ ಕಾರ್ಡು ಸೋಲುವುದು ಇಲ್ಲಿಯೇ. ದಿನದ ಖರ್ಚನ್ನು ಸಾಮಾನು ಬರಲು ಹಿಡಿಯುವ ದಿನಗಳಿಂದ ಗುಣಿಸಿ, ಅದಕ್ಕೆ ಸ್ವಲ್ಪ ರಕ್ಷಣೆಯ ಪಾಲು ಸೇರಿಸಿ, ಬಂದದ್ದನ್ನು ಒಂದು ಮೂಟೆಯ ತೂಕದಿಂದ ಭಾಗಿಸಬೇಕು. ಉದ್ದು ದಿನಕ್ಕೆ 16 ಕಿಲೋ, ಬರಲು 3 ದಿನ ಎಂದಿಟ್ಟುಕೊಳ್ಳಿ. 48 ಕಿಲೋ ಆಯಿತು. ಕಾಲು ಭಾಗ ರಕ್ಷಣೆಗೆ ಸೇರಿಸಿದರೆ 60. ಮೂಟೆ 30 ಕಿಲೋದ್ದಾದರೆ ಎರಡು ಕಾರ್ಡು. ಭಾಗಿಸಿದಾಗ ಸರಿಯಾಗಿ ಹೋಗದಿದ್ದರೆ ಮೇಲಿನ ಅಂಕಿಯನ್ನೇ ಹಿಡಿಯಬೇಕು, 2.1 ಬಂದರೂ ಮೂರು.

ಆದರೆ ಈ ಎರಡು ಎಂಬುದು ಒಂದು ಷರತ್ತಿನ ಮೇಲೆ ನಿಂತಿದೆ: ಮೂಟೆಯ ಬಾಯಿ ಬಿಚ್ಚಿದ ಕೂಡಲೇ ಅದರ ಕಾರ್ಡು ಆರ್ಡರಿಗೆ ಹೋಗಬೇಕು. ಮೂಟೆ ಪೂರ್ತಿ ಖಾಲಿಯಾದ ಮೇಲೆ ಕಾರ್ಡು ತೆಗೆಯುವ ರೂಢಿ ಇದ್ದರೆ ಮೂರು ಕಾರ್ಡು ಬೇಕು. ಬಿಚ್ಚಿದಾಗ ಕಾರ್ಡು ಹೋದರೆ ಬಿಚ್ಚಿದ ಮೂಟೆಯ 30 ಕಿಲೋ ಸಹ ಕಾಯುವ ದಿನಗಳಿಗೆ ಒದಗುತ್ತದೆ. ಖಾಲಿಯಾದಾಗ ಹೋದರೆ ಅದು ಲೆಕ್ಕದಿಂದ ತಪ್ಪಿಹೋಗುತ್ತದೆ. ಈ ಒಂದು ಮೂಟೆಯ ವ್ಯತ್ಯಾಸವನ್ನು ಗಮನಿಸದೆ ಕಾರ್ಡು ಮಾಡಿದ ಕಡೆಗಳಲ್ಲೇ ಉದ್ದು ಮುಗಿಯುವುದು, ಆಮೇಲೆ ಬೈಗುಳ ಸ್ಟೋರಿನ ಹುಡುಗನಿಗೆ. ಬಿಚ್ಚುವಾಗಲೇ ತೆಗೆಯುವ ಕ್ರಮ ಎಲ್ಲ ರೀತಿಯಲ್ಲೂ ಮೇಲು. ಕಾರ್ಡನ್ನು ಮೂಟೆಯ ಹೊಲಿಗೆಯ ದಾರಕ್ಕೇ ಕಟ್ಟಿದರೆ ಅದನ್ನು ಕೈಗೆ ತೆಗೆದುಕೊಳ್ಳದೆ ಮೂಟೆ ಬಿಚ್ಚುವುದಕ್ಕೇ ಆಗುವುದಿಲ್ಲ.

ಸಾಮಾನು ಬರಲು ಎಷ್ಟು ದಿನ ಎಂಬುದನ್ನು ವ್ಯಾಪಾರಿಯ ಬಾಯಿಮಾತಿನಿಂದ ತೆಗೆದುಕೊಳ್ಳಬಾರದು. "ನಾಳೆಯೇ ಕಳಿಸುತ್ತೇನೆ" ಎನ್ನುವುದು ಅವರ ಕರ್ತವ್ಯ. ಕಾರ್ಡು ಆರ್ಡರಿನ ಬೋರ್ಡಿನ ಕೊಕ್ಕೆಗೆ ಬಿದ್ದ ಹೊತ್ತಿನಿಂದ ಮೂಟೆ ಸ್ಟೋರಿನೊಳಗೆ ಇಳಿಯುವ ಹೊತ್ತಿನವರೆಗೆ ಎಣಿಸಬೇಕು. ಕಾರ್ಡು ಅರ್ಧ ದಿನ ಕೊಕ್ಕೆಯಲ್ಲೇ ಇರುತ್ತದೆ, ಫೋನು ಸಂಜೆ ಹೋಗುತ್ತದೆ, ಭಾನುವಾರ ವಾಶಿಯ ಧಾನ್ಯ ಮಾರುಕಟ್ಟೆ ಮುಚ್ಚಿರುತ್ತದೆ, ಬಂದ ಟೆಂಪೋ ಊಟದ ಗದ್ದಲದಲ್ಲಿ ಇಳಿಸಲು ಜಾಗವಿಲ್ಲದೆ ಕಾಯುತ್ತದೆ. ಇದೆಲ್ಲ ಆ ದಿನಗಳೊಳಗೇ ಸೇರಬೇಕು. ಹತ್ತು ಸಲ ಬರೆದಿಟ್ಟು, ಮಳೆ ಬಂದ್ ಇಲ್ಲದ ದಿನಗಳಲ್ಲಿ ಅತಿ ತಡವಾಗಿ ಬಂದದ್ದು ಯಾವುದೋ ಅದನ್ನು ಹಿಡಿಯುವುದು ನ್ಯಾಯ. ಸರಾಸರಿ ಹಿಡಿದರೆ ಸುಮಾರು ಅರ್ಧ ಸಲ ತಡವೇ ಆದಂತೆ.

ಅಕ್ಕಿಯ ರಾಶಿಯ ಲೆಕ್ಕ ಕೊಂಚ ಬೇರೆ. ಮೇಲಿನ ಹೋಟೆಲಿನಲ್ಲಿ ಇಡ್ಲಿ ಅಕ್ಕಿ ದಿನಕ್ಕೆ 48 ಕಿಲೋ, ಸಗಟು ವ್ಯಾಪಾರಿಯಿಂದ ಬರಲು 4 ದಿನ ಎನ್ನಿ. 192, ರಕ್ಷಣೆಯ ಪಾಲು ಸೇರಿ 240 ಕಿಲೋ, ಅಂದರೆ 30 ಕಿಲೋದ 8 ಮೂಟೆ. ತರಿಸುವುದು ಒಂದು ಸಲಕ್ಕೆ 12 ಮೂಟೆ. ಹಾಗಿದ್ದರೆ ಗುರುತಿನ ಕಾರ್ಡು ಕೊನೆಯಿಂದ ಎಂಟನೆಯ ಮೂಟೆಯ ಮೇಲೆ ಇರಬೇಕು. ಆ ಮೂಟೆಗೆ ಕೈ ಹಾಕಿದ ದಿನ ಆರ್ಡರು. ಜಾಗ ಮಾತ್ರ 20 ಮೂಟೆಗೆ ಬೇಕು, ಏಕೆಂದರೆ ಮಾಲು ಅದೇ ದಿನ ಬಂದುಬಿಟ್ಟರೆ ಎಂಟರ ಮೇಲೆ ಹನ್ನೆರಡು ಕೂಡುತ್ತದೆ. ಮುಂಬಯಿಯ ಸ್ಟೋರುಗಳಲ್ಲಿ ಒಂದು ಮೂಟೆಯ ಜಾಗವೂ ದುಬಾರಿ. ಜಾಗ ಹದಿನೈದಕ್ಕೇ ಇದ್ದರೆ ತರಿಸುವುದನ್ನು 7ಕ್ಕೆ ಇಳಿಸಬೇಕು, ಎಂಟರ ಗುರುತನ್ನು ಮುಟ್ಟಕೂಡದು. ಜಾಗ ಸಾಲದೆಂದು ಗುರುತನ್ನು ಕೆಳಗಿಳಿಸಿದವರು ಸಾಮಾನು ಮುಗಿಸಿಕೊಳ್ಳುತ್ತಾರೆ.

ಈ ರಾಶಿಯ ವಿಧಾನಕ್ಕೆ ಒಂದು ಕೆಟ್ಟ ರೋಗವಿದೆ. ಹೊಸ ಮಾಲು ಬಂದಾಗ ಹಮಾಲರು ಅದನ್ನು ಹಳೆಯದರ ಮೇಲೇ ಒಟ್ಟಿಬಿಡುತ್ತಾರೆ. ಕಾರ್ಡು ಕೆಳಗೇ ಉಳಿಯುತ್ತದೆ, ತಳದ ಮೂಟೆಗಳು ವರ್ಷವಿಡೀ ಅಲ್ಲೇ ಉಳಿದು ಹುಳ ಹಿಡಿಯುತ್ತವೆ. ಮೊದಲು ಬಂದದ್ದು ಮೊದಲು ಖರ್ಚಾಗಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮವೂ ಹೇಳುತ್ತದೆ. ಮೂಟೆಗಳನ್ನು ಗೋಡೆಗುಂಟ ಸಾಲಾಗಿ ಜೋಡಿಸಿ, ಒಂದು ತುದಿಯಿಂದ ಒಳಗೆ, ಇನ್ನೊಂದು ತುದಿಯಿಂದ ಹೊರಗೆ ಎಂದು ನೆಲಕ್ಕೆ ಬಾಣದ ಗುರುತು ಹಾಕಬೇಕು. ಮಾಲು ಇಳಿಸಿಕೊಂಡವನು ಹಳೆಯ ಮೂಟೆಗಳನ್ನು ಬಾಗಿಲ ಕಡೆ ಸರಿಸಿ, ಹೊಸದನ್ನು ಹಿಂದೆ ಇಟ್ಟು, ಒಳತುದಿಯಿಂದ ಎಂಟು ಎಣಿಸಿ ಕಾರ್ಡು ಕಟ್ಟಿದ ಮೇಲೆಯೇ ಚಲನ್ನಿಗೆ ಸಹಿ ಹಾಕಬೇಕು. ಸಹಿಗೂ ಕಾರ್ಡಿಗೂ ಹೀಗೆ ಗಂಟುಹಾಕದಿದ್ದರೆ ಯಾರೂ ಎಣಿಸುವುದಿಲ್ಲ.

ಕಾಫಿಪುಡಿಗೆ ರಕ್ಷಣೆಯ ಪಾಲನ್ನು ಕಡಿಮೆ ಇಡಬೇಕು. ಪುಡಿ ಹೆಚ್ಚು ದಿನ ಕೂತರೆ ಘಮ ಹೋಗುತ್ತದೆ. ದೊಡ್ಡ ಚೀಲ ಒಂದು ತರಿಸುವ ಬದಲು ಚಿಕ್ಕ ಪೊಟ್ಟಣಗಳು, ಹೆಚ್ಚು ಕಾರ್ಡುಗಳು, ವಾರಕ್ಕೆ ಎರಡು ಸಲ ಮಾಲು. ಫಿಲ್ಟರ್ ಕಾಫಿಗೆಂದೇ ಬರುವ ಗಿರಾಕಿಗಳಿರುವ ಮಾಟುಂಗದಂಥ ಕಡೆ ಈ ಶ್ರಮ ವ್ಯರ್ಥವಾಗದು.

ಕಾರ್ಡಿನ ಮೇಲೆ ಏನಿರಬೇಕು? ಸಾಮಾನಿನ ಹೆಸರು ಅಡುಗೆಮನೆಯಲ್ಲಿ ಕರೆಯುವ ಹಾಗೆಯೇ ಇರಲಿ. ಭಟ್ಟರು "ದೋಸೆ ಅಕ್ಕಿ" ಎನ್ನುವುದನ್ನು ಬಿಲ್ಲಿನಲ್ಲಿರುವ ಹೆಸರಿನಿಂದ ಬರೆದರೆ ಬೇರೆ ಅಕ್ಕಿ ಬಂದೀತು. ಅದರ ಕೆಳಗೆ ಮಾರ್ಕು ಮತ್ತು ದರ್ಜೆ, ಒಂದು ಮೂಟೆಯ ತೂಕ, ತರಿಸಬೇಕಾದ ಮೂಟೆಗಳ ಸಂಖ್ಯೆ, ಇಡುವ ಜಾಗದ ನಂಬರು, ವ್ಯಾಪಾರಿಯ ಹೆಸರು ಫೋನು, ಬರಲು ಎಷ್ಟು ದಿನ, ಮತ್ತು ಇದು ಎಷ್ಟರಲ್ಲಿ ಎಷ್ಟನೆಯ ಕಾರ್ಡು ಎಂಬುದು: 1/2, 2/2 ಹೀಗೆ. ತರಿಸುವ ಪ್ರಮಾಣವನ್ನು ಕಿಲೋದಲ್ಲಿ ಬರೆಯಬೇಡಿ, ಮೂಟೆಯಲ್ಲೇ ಬರೆಯಿರಿ. "60" ಎಂದು ಓದಿ ಅರವತ್ತು ಮೂಟೆ ಹೇಳಿಬಿಡುವ ಅಪಾಯವಿದೆ. ದರ ಬರೆಯಬಾರದು. ಅದು ಬದಲಾಗುತ್ತಲೇ ಇರುತ್ತದೆ, ಹಳೆಯ ದರ ಕಂಡವರು ಕಾರ್ಡನ್ನೇ ನಂಬುವುದು ಬಿಡುತ್ತಾರೆ. ಈಗ ಅಡುಗೆಮನೆಯಲ್ಲಿ ಕುಂದಾಪುರ, ಕಾರ್ಕಳದ ಹುಡುಗರ ಜೊತೆ ಉತ್ತರ ಪ್ರದೇಶ, ಬಿಹಾರ, ಒಡಿಶಾದವರೂ ಇದ್ದಾರೆ. ಕನ್ನಡದ ಕೆಳಗೆ ಹಿಂದಿ ಇರಲಿ, ಮೂಟೆಯ ಮೇಲಿನ ಚಿತ್ರದ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಬಿಚ್ಚುವವನು ಓದಲಾರದ ಕಾರ್ಡು ಬರೀ ರಟ್ಟಿನ ತುಂಡು.

ಅಳತೆಗೆ ಒಂದು ಎ4 ಹಾಳೆಯಲ್ಲಿ ನಾಲ್ಕು ಕಾರ್ಡು ಬರುವಂತೆ ಕತ್ತರಿಸಿದರೆ ಸರಿಹೋಗುತ್ತದೆ. ಎಟಿಎಂ ಕಾರ್ಡಿನಷ್ಟು ಚಿಕ್ಕದು ಮಾಡಿದರೆ ಹಿಟ್ಟಿನೊಳಗೆ ಬಿದ್ದರೂ ತಿಳಿಯದು. ಇಂಕ್‌ಜೆಟ್ಟಿನ ಅಚ್ಚು ಹಬೆಗೆ ಕರಗುತ್ತದೆ, ಲೇಸರ್ ಪ್ರಿಂಟು ಅಥವಾ ಬಾಲ್‌ಪೆನ್ನು ನಿಲ್ಲುತ್ತದೆ. ಲ್ಯಾಮಿನೇಷನ್ ಮಾಡಿಸುವಾಗ ಒಂದು ಉಪಾಯ: ಮೊದಲು ರಟ್ಟಿಗೆ 10 ಮಿಲಿಮೀಟರ್ ತೂತು ಹೊಡೆದು, ಲ್ಯಾಮಿನೇಟ್ ಮಾಡಿಸಿ, ಆ ತೂತಿನ ನಡುವೆ ಪ್ಲಾಸ್ಟಿಕ್ಕಿಗೆ ಮಾತ್ರ 5 ಮಿಲಿಮೀಟರ್ ತೂತು ಹೊಡೆಯಬೇಕು. ಲ್ಯಾಮಿನೇಟ್ ಆದ ಮೇಲೆ ನೇರವಾಗಿ ರಟ್ಟಿನ ಮೂಲಕವೇ ತೂತು ಹೊಡೆದರೆ ಅಲ್ಲಿಂದ ನೀರು, ಎಣ್ಣೆ ಒಳನುಗ್ಗಿ ಮಳೆಗಾಲದೊಳಗೆ ಕಾರ್ಡು ಬೂಸಲು ಹಿಡಿಯುತ್ತದೆ. ಅಂಚಿನಲ್ಲೂ ಸುತ್ತ 4 ಮಿಲಿಮೀಟರಿನಷ್ಟು ಬರೀ ಪ್ಲಾಸ್ಟಿಕ್ ಉಳಿಯಬೇಕು. ಕಟ್ಟಲು ದಪ್ಪ ನೂಲು ಅಥವಾ ಸ್ಟೀಲಿನ ಕೊಕ್ಕೆ ಇರಲಿ. ಸ್ಟೇಪಲ್ ಪಿನ್ನು, ಗುಂಡುಪಿನ್ನು, ರಬ್ಬರ್ ಬ್ಯಾಂಡುಗಳಿಗೆ ಆಹಾರದ ಸ್ಟೋರಿನಲ್ಲಿ ಪ್ರವೇಶವೇ ಬೇಡ. ಅವು ಕಳಚಿ ಬೇಳೆಯೊಳಗೆ ಬಿದ್ದರೆ ಕೊನೆಗೆ ತಟ್ಟೆಯಲ್ಲಿ ಸಿಗುತ್ತವೆ. ಬಣ್ಣವನ್ನು ಸಾಮಾನಿಗೊಂದರಂತೆ ಕೊಡದೆ ವ್ಯಾಪಾರಿಗೊಂದರಂತೆ ಕೊಡಿ. ಹಳದಿ ಕಾರ್ಡುಗಳನ್ನೆಲ್ಲ ಕೈಯಲ್ಲಿ ಹಿಡಿದು ಒಬ್ಬರಿಗೆ ಒಂದೇ ಫೋನು ಮಾಡಿದರೆ ಮುಗಿಯಿತು.

ಬೋರ್ಡು ಅಡುಗೆಮನೆಗೂ ಗಲ್ಲಾಪೆಟ್ಟಿಗೆಗೂ ನಡುವೆ ಇರಲಿ. ಎರಡೇ ಸಾಲು ಕೊಕ್ಕೆ: "ಹೇಳಬೇಕು", "ಹೇಳಿದೆ". ಮೂಟೆ ಬಿಚ್ಚಿದವನು ಮೊದಲ ಸಾಲಿಗೆ ಹಾಕುತ್ತಾನೆ. ಮ್ಯಾನೇಜರು ಬೆಳಗಿನ ಗದ್ದಲ ಇಳಿದ ಮೇಲೆ 11 ಗಂಟೆಗೊಮ್ಮೆ, ಸಂಜೆ 4ಕ್ಕೊಮ್ಮೆ ಅದನ್ನು ನೋಡಿ ಫೋನು ಮಾಡಿ, ಒರೆಸಬಹುದಾದ ಮಾರ್ಕರಿನಿಂದ ಕಾರ್ಡಿನ ಮೇಲೆ ತಾರೀಖು ಬರೆದು ಎರಡನೆಯ ಸಾಲಿಗೆ ದಾಟಿಸುತ್ತಾರೆ. ಮಾಲು ಬಂದಾಗ ತಾರೀಖು ಒರೆಸಿ ಕಾರ್ಡು ಮತ್ತೆ ಮೂಟೆಗೆ. ಹನ್ನೆರಡು ಹೇಳಿದ್ದಕ್ಕೆ ಒಂಬತ್ತೇ ಬಂದರೆ ಕಾರ್ಡು ಅಲ್ಲೇ ಉಳಿಯಬೇಕು, ಮೇಲೆ 9/12 ಎಂದು ಬರೆದು. ಹುಳ ಇರುವ ಮೂಟೆ, ಒದ್ದೆಯಾದ ಮೂಟೆ ಬಂದರೆ ಅದಕ್ಕೆ ಕಾರ್ಡು ಕಟ್ಟಕೂಡದು. ಕಾರ್ಡಿದ್ದ ಮೂಟೆ ಬಳಕೆಗೆ ಯೋಗ್ಯ ಎಂಬ ಭರವಸೆ ಒಮ್ಮೆ ಮುರಿದರೆ ಭಟ್ಟರು ಮತ್ತೆ ತಾವೇ ಸ್ಟೋರಿಗೆ ಇಳಿದು ಬೇರೆ ಮೂಟೆ ಹುಡುಕತೊಡಗುತ್ತಾರೆ.

ಕೆಡುವ ಬಗೆಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಕಾರ್ಡು ಕಳೆದುಹೋಗುವುದು. ಸದ್ದಿಲ್ಲದೆ ಆಗುವ ನಷ್ಟ ಅದು. ಎರಡು ಕಾರ್ಡಿನ ಉದ್ದಿನಲ್ಲಿ ಒಂದು ಹುಡುಗನ ಏಪ್ರನ್ ಜೇಬಿನಲ್ಲಿ ಧೋಬಿಗೆ ಹೋದರೆ ಅರ್ಧ ಉದ್ದು ವ್ಯವಸ್ಥೆಯಿಂದಲೇ ಹೊರಗಾಯಿತು, ಮುಗಿಯುವವರೆಗೆ ಯಾರಿಗೂ ತಿಳಿಯದು. ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ಮೂಟೆಗಳ ಮೇಲಿರುವ ಕಾರ್ಡು ಮತ್ತು ಬೋರ್ಡಿನ ಮೇಲಿರುವ ಕಾರ್ಡು ಕೂಡಿಸಿ ಒಟ್ಟು ಸರಿಯಿದೆಯೇ ನೋಡಬೇಕು. ಇಪ್ಪತ್ತು ಸಾಮಾನಿಗೆ ಹತ್ತು ನಿಮಿಷ ಸಾಕು.

ಎರಡನೆಯದು ಧನಿಗಳಿಂದ ಬರುವ ತೊಂದರೆ. ಸಕ್ಕರೆ ಅಗ್ಗಕ್ಕೆ ಸಿಕ್ಕಿತೆಂದು ಇಪ್ಪತ್ತು ಮೂಟೆ ಇಳಿಸಿದರೆ ಕಾರ್ಡುಗಳ ಲೆಕ್ಕ ಕೆಟ್ಟಿತು. ಅಗ್ಗದ ಮಾಲು ಕೊಳ್ಳಬಾರದೆಂದಲ್ಲ. ಅದನ್ನು ಕಾರ್ಡಿಲ್ಲದೆ ಬೇರೆ ಇಟ್ಟು, ಮೊದಲು ಅದನ್ನೇ ಖರ್ಚು ಮಾಡಿ, ಅಷ್ಟು ದಿನ ಸಕ್ಕರೆಯ ಕಾರ್ಡುಗಳನ್ನು ಮೂಟೆಗಳ ಮೇಲೆಯೇ ಬಿಟ್ಟರೆ ಏನೂ ಕೆಡುವುದಿಲ್ಲ. ಹಾಗೆಯೇ ಕಾರ್ಡಿಲ್ಲದೆ ಬಾಯಿಮಾತಿನಲ್ಲಿ ಹೇಳುವ ಆರ್ಡರೂ ಒಂದು ಕಂಟಕ: ಮಾಲು ಎರಡು ಸಲ ಬರುತ್ತದೆ, ದೂರು ಕಾರ್ಡಿನ ಮೇಲೆ ಬರುತ್ತದೆ.

ಸಾಮಾನೇ ಬದಲಾದಾಗ ಹಳೆಯ ಕಾರ್ಡನ್ನು ಅದೇ ದಿನ ಕತ್ತರಿಸಿ ಹಾಕಬೇಕು. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದಾಗ ಪಾರ್ಸೆಲಿನ ಸಾಮಾನು ಬದಲಾಯಿತಲ್ಲ, ಅಂಥ ಸಮಯದಲ್ಲಿ ಹಳೆಯ ಕಾರ್ಡೊಂದು ಎಲ್ಲೋ ಉಳಿದರೆ ನಿಷೇಧವಾದ ಮಾಲನ್ನೇ ಮತ್ತೆ ತರಿಸಿ ದಂಡಕ್ಕೆ ದಾರಿ ಮಾಡುತ್ತದೆ.

ಮಳೆಗಾಲ, ಗಣೇಶೋತ್ಸವಗಳಿಗೆ ಪ್ರತ್ಯೇಕ ಏರ್ಪಾಡು ಬೇಕು. ಜುಲೈಯಲ್ಲಿ ನೀರು ನಿಂತರೆ ಟೆಂಪೋ ಬರುವುದಿಲ್ಲ, ವಿಸರ್ಜನೆಯ ದಿನಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ, ಕೆಲವೊಮ್ಮೆ ಮೂಟೆ ಹೊರುವ ಮಾಥಾಡಿ ಕಾರ್ಮಿಕರ ಬಂದ್. ಶ್ರಾವಣದಲ್ಲಿ ಶಾಕಾಹಾರಿ ಹೋಟೆಲುಗಳಿಗೆ ಜನ ಹೆಚ್ಚು, ಉಪವಾಸದವರಿಗೆಂದು ಸಾಬುದಾಣೆಯ ಖರ್ಚು ಏರುತ್ತದೆ. ಇದಕ್ಕಾಗಿ ವರ್ಷಪೂರ್ತಿಯ ಲೆಕ್ಕವನ್ನು ಹಿಗ್ಗಿಸಬಾರದು. ಕೆಂಪು ಅಂಚಿನ ಹೆಚ್ಚುವರಿ ಕಾರ್ಡು ಒಂದೊಂದು ಸೇರಿಸಿ, ಅದರ ಮೇಲೆ "ಅನಂತ ಚತುರ್ದಶಿಯವರೆಗೆ" ಎಂದು ದಪ್ಪಕ್ಷರದಲ್ಲಿ ಬರೆದರೆ ಆಯಿತು. ಆ ದಿನದ ನಂತರ ಕೆಂಪು ಕಾರ್ಡು ಬೋರ್ಡಿಗೆ ಬಂದಾಗ ಅದನ್ನು ಆರ್ಡರು ಮಾಡದೆ ಮೇಜಿನ ಖಾನೆಗೆ ಹಾಕುವುದು.

ಮೂರು ತಿಂಗಳಿಗೊಮ್ಮೆ ಸಂಖ್ಯೆಗಳನ್ನು ತಿದ್ದಬೇಕು. ಹೊಸ ಮಾಲು ಬರುವ ಹೊತ್ತಿಗೆ ಪ್ರತಿ ಸಲವೂ ಒಂದು ಮೂಟೆಗಿಂತ ಹೆಚ್ಚು ಉಳಿದೇ ಇದ್ದರೆ ಒಂದು ಕಾರ್ಡು ತೆಗೆದು ನೋಡಿ. ಈ ಅವಧಿಯಲ್ಲಿ ಎರಡು ಸಲ ಡ್ರಮ್ಮಿನ ತಳ ಕಂಡಿದ್ದರೆ ಒಂದು ಸೇರಿಸಿ, ಜೊತೆಗೆ ತಡವಾದದ್ದು ಏಕೆಂದು ವ್ಯಾಪಾರಿಯನ್ನು ಕೇಳಿ. ಕಾರ್ಡು ಕಡಿಮೆ ಮಾಡುತ್ತ ಹೋಗುವುದೇ ಓಹ್ನೋ ಅವರ ಉದ್ದೇಶವಾಗಿತ್ತು; ಕಾರ್ಡು ಕಡಿಮೆಯಾದಂತೆ ಎಲ್ಲಿ ಎಡವುತ್ತಿದ್ದೇವೆ ಎಂಬುದು ಮೇಲೆ ಬರುತ್ತದೆ. ಒಂದೇ ಸಲ ಎರಡು ತೆಗೆಯಬಾರದು.

ಹೋಟೆಲ್ ಸಂಘಗಳಲ್ಲಿ ನಮ್ಮದೊಂದು ಬೇಡಿಕೆ. ತರಬೇತಿ ಎಂದರೆ ಮಾಲೀಕರನ್ನೂ ಮ್ಯಾನೇಜರರನ್ನೂ ಮಾತ್ರ ಕರೆಯಬೇಡಿ. ಸ್ಟೋರಿನಲ್ಲಿ ದುಡಿಯುವ ಹುಡುಗರಿಗೆ ಮಧ್ಯಾಹ್ನ ಮೂರರಿಂದ ಐದರ ಬಿಡುವಿನಲ್ಲಿ, ಅವರ ಭಾಷೆಯಲ್ಲಿ, ನಿಜವಾದ ಮೂಟೆಗಳನ್ನು ಮುಂದಿಟ್ಟುಕೊಂಡು ಈ ಲೆಕ್ಕ ಕಲಿಸಿ. ಒಂದು ಕಾಲಕ್ಕೆ ಈ ನಗರದ ಕನ್ನಡ ರಾತ್ರಿ ಶಾಲೆಗಳು ಹೋಟೆಲ್ ಹುಡುಗರಿಗೆ ಅಕ್ಷರ, ಲೆಕ್ಕ ಕಲಿಸಿದ್ದವು. ಎರಡು ಮಧ್ಯಾಹ್ನದ ಪಾಠ ಈಗ ಯಾರಿಗೂ ಭಾರವಾಗದು. ಆರಂಭಕ್ಕೆ ಐದೇ ಸಾಮಾನು ಸಾಕು: ಉದ್ದು, ಇಡ್ಲಿ ಅಕ್ಕಿ, ಎಣ್ಣೆ, ಸಕ್ಕರೆ, ಪಾರ್ಸೆಲ್ ಡಬ್ಬಿ. ಅವು ಒಂದು ತಿಂಗಳು ತಪ್ಪದೆ ನಡೆದ ಮೇಲೆ ಆರನೆಯದಕ್ಕೆ ಕಾರ್ಡು ಕತ್ತರಿಸಿ.

ಇಂತಿ,
ಹೋಟೆಲ್ ಸ್ಟೋರ್ ಕೆಲಸ ಬಲ್ಲ ಓದುಗರು
ಮಾಟುಂಗ, ಮುಂಬಯಿ